ದಾಳಿಂಬೆ ರಸ ಕುಡಿದರೆ ರಕ್ಷಕ ಕೋಶಗಳಲ್ಲಿ ತುಂಬಿದ ಕೊಬ್ಬು ಇಳಿಯುತ್ತದೆಯೇ?

ಗದಗದಿಂದ ಒಬ್ಬರು ಕೇಳಿದ್ದಾರೆ: ‘ಅಪ್ಪಾಜಿಗೆ ಕೊಲೆಸ್ಟ್ರಾಲ್ ಗುಳಿಗೆ ಶುರುವಾಗಿದೆ. ಹಣ್ಣಿನಲ್ಲಿರುವ ಪಾಲಿಫೀನಾಲ್ (ಗಿಡಗಳು ತಯಾರಿಸುವ ಒಂದು ಬಗೆಯ ರಾಸಾಯನಿಕ) ಬಿಳಿ ರಕ್ತಕಣಗಳೊಳಗಿನ ಕೊಬ್ಬನ್ನು ಇಳಿಸುತ್ತದೆ, ದಿನಾ ದಾಳಿಂಬೆ ರಸ ಕೊಟ್ಟರೆ ಗುಳಿಗೆನೇ ಬೇಡ ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ಖರೇನಾ?’

ಅರ್ಧ ಖರೇ ಇದೆ. ಆದರೆ ಗುಳಿಗೆ ಬಿಡಿಸುವಷ್ಟು ಖರೇ ಅಲ್ಲ. ನಾನು ಡಾಕ್ಟರ್ ಅಲ್ಲ, ಧಾರವಾಡದಲ್ಲಿ ಬಯೋಕೆಮಿಸ್ಟ್ರಿ ಓದಿ ಈಗ ಅದನ್ನೇ ಕಲಿಸುವವನು. ಹಾಗಾಗಿ ಕೋಶದೊಳಗೆ ಏನು ನಡೆಯುತ್ತದೆ ಅನ್ನುವುದರಿಂದಲೇ ಶುರು ಮಾಡುತ್ತೇನೆ.

ಎಲ್‌ಡಿಎಲ್ (ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತೊಯ್ಯುವ) ಕಣಗಳು ರಕ್ತನಾಳದ ಗೋಡೆಯೊಳಗೆ ನುಸುಳಿ ಅಲ್ಲೇ ಉಳಿದರೆ ಆಕ್ಸಿಡೀಕರಣಗೊಂಡು ಕೆಡುತ್ತವೆ. ಕೆಟ್ಟದ್ದನ್ನು ನುಂಗಿ ಜಾಗ ಸ್ವಚ್ಛ ಮಾಡುವುದು ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶದ (ಇದೂ ಬಿಳಿ ರಕ್ತಕಣಗಳ ಬಳಗದ್ದೇ) ಕೆಲಸ. ತೊಡಕು ಇರುವುದು ಇಲ್ಲಿ: ಸಾಮಾನ್ಯ ಎಲ್‌ಡಿಎಲ್ ಒಳಬರುವ ಬಾಗಿಲನ್ನು ಕೋಶ ತನಗೆ ಸಾಕಾದ ಕೂಡಲೇ ಕಡಿಮೆ ಮಾಡಿಕೊಳ್ಳುತ್ತದೆ, ಕೆಟ್ಟ ಎಲ್‌ಡಿಎಲ್ ಬರುವ ಬಾಗಿಲಿಗೆ ಅಂಥ ತಡೆಯೇ ಇಲ್ಲ. 1979ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಗೋಲ್ಡ್‌ಸ್ಟೀನ್ ಮತ್ತು ಬ್ರೌನ್ ರಾಸಾಯನಿಕವಾಗಿ ಬದಲಿಸಿದ ಎಲ್‌ಡಿಎಲ್ ಬಳಸಿ ಇದನ್ನು ತೋರಿಸಿಕೊಟ್ಟರು. ಕೊಲೆಸ್ಟ್ರಾಲ್ ನಿಯಂತ್ರಣದ ಬಗೆಗಿನ ಕೆಲಸಕ್ಕೆ 1985ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹೀಗೆ ನುಂಗುತ್ತಲೇ ಹೋದ ಕೋಶದ ತುಂಬ ಕೊಬ್ಬಿನ ಹನಿಗಳು ಸೇರಿಕೊಳ್ಳುತ್ತವೆ. ಸೂಕ್ಷ್ಮದರ್ಶಕದಲ್ಲಿ ನೊರೆ ತುಂಬಿದ ಹಾಗೆ ಕಾಣುವುದರಿಂದ ನೊರೆಕೋಶ ಅಂತ ಕರೆಯುತ್ತಾರೆ. ರಕ್ತನಾಳ ಬ್ಲಾಕ್ ಆಗುವುದರ ಮೊದಲ ಹಂತ ಇದೇ.

ಲ್ಯಾಬಿನಲ್ಲಿ ಇದನ್ನು ನೋಡಲು ಆಯಿಲ್ ರೆಡ್ ಓ ಎಂಬ ಬಣ್ಣ ಹಾಕುತ್ತೇವೆ. ಅದು ಕೊಬ್ಬಿಗಷ್ಟೇ ಅಂಟುತ್ತದೆ. ಕೆಟ್ಟ ಎಲ್‌ಡಿಎಲ್ ಉಣಿಸಿದ ಕೋಶಗಳಲ್ಲಿ ನೀಲಿ ಬಣ್ಣ ಹಚ್ಚಿದ ಕೋಶಕೇಂದ್ರದ ಸುತ್ತ ಕೆಂಪು ಹನಿ ಒತ್ತೊತ್ತಾಗಿ ಕೂತಿರುತ್ತವೆ, ಕೆಲವು ಕೋಶಗಳಲ್ಲಿ ಕೇಂದ್ರವೇ ಒಂದು ಬದಿಗೆ ಸರಿದಿರುತ್ತದೆ. ಆಮೇಲೆ ಆ ಬಣ್ಣವನ್ನು ಐಸೊಪ್ರೊಪನಾಲ್‌ನಲ್ಲಿ ಬಿಡಿಸಿ, ಎಷ್ಟು ಕೆಂಪು ಬಂತು ಅಂತ ಯಂತ್ರದಲ್ಲಿ ಅಳೆಯುತ್ತಾರೆ. ‘ಕೊಬ್ಬು ಇಳಿಯಿತು’ ಎಂಬ ಸುದ್ದಿಗಳಲ್ಲಿ ಎಷ್ಟೋ ಈ ಥರದ ಅಳತೆಯಿಂದಲೇ ಹುಟ್ಟಿದವು.

ದಾಳಿಂಬೆಯ ವಿಷಯದಲ್ಲಿ ಇಸ್ರೇಲಿನ ಹೈಫಾದ ಮೈಕೇಲ್ ಅವಿರಾಮ್ ಅವರ ತಂಡ ಬಹಳ ಕೆಲಸ ಮಾಡಿದೆ. ದಾಳಿಂಬೆ ರಸ ಹಾಕಿದ ಮ್ಯಾಕ್ರೋಫೇಜ್‌ಗಳು ಕೆಟ್ಟ ಎಲ್‌ಡಿಎಲ್ಲನ್ನು ಕಡಿಮೆ ನುಂಗಿದವು, ಕೊಲೆಸ್ಟ್ರಾಲನ್ನೂ ಕಡಿಮೆ ತಯಾರಿಸಿದವು. ಇಲಿಗಳ ರಕ್ತನಾಳದಲ್ಲಿಯೂ ಕೊಬ್ಬು ಸೇರಿ ಆಗುವ ಹಾನಿ ಕಡಿಮೆಯಾಯಿತು. ಬೇರೆ ಪಾಲಿಫೀನಾಲ್‌ಗಳ ಪ್ರಯೋಗಗಳಲ್ಲಿ, ಕೋಶದಿಂದ ಕೊಲೆಸ್ಟ್ರಾಲ್ ಹೊರಗೆ ಸಾಗಿಸುವ ಎಬಿಸಿಎ1 ಎಂಬ ಪ್ರೋಟೀನ್ ಹೆಚ್ಚಾದದ್ದೂ ಕಂಡಿದೆ. ಇವೆಲ್ಲ ಒಳ್ಳೆಯ ಕೆಲಸಗಳೇ, ಸುಳ್ಳಲ್ಲ.

ಆದರೆ ಲ್ಯಾಬಿನ ತಟ್ಟೆಯಲ್ಲಿ ಪಾಲಿಫೀನಾಲ್ ನೇರವಾಗಿ ಕೋಶದ ಮೇಲೆ ಬೀಳುತ್ತದೆ. ಮನುಷ್ಯನಲ್ಲಿ ಹಾಗಾಗುವುದಿಲ್ಲ. ದಾಳಿಂಬೆಯ ಮುಖ್ಯ ಪಾಲಿಫೀನಾಲ್ ಪ್ಯೂನಿಕಲಾಜಿನ್ ದೊಡ್ಡ ಅಣು, ಇದ್ದ ಹಾಗೆಯೇ ರಕ್ತಕ್ಕೆ ಸೇರುವುದಿಲ್ಲ ಅಂದರೂ ನಡೆಯುತ್ತದೆ. ಹೊಟ್ಟೆಯಲ್ಲಿ ಅದು ಎಲ್ಲಾಜಿಕ್ ಆಮ್ಲವಾಗಿ ಒಡೆಯುತ್ತದೆ, ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದನ್ನು ಯುರೋಲಿಥಿನ್ ಎಂಬ ಸಣ್ಣ ಅಣುವಾಗಿ ಮಾಡುತ್ತವೆ, ರಕ್ತಕ್ಕೆ ಸೇರುವುದು ಹೆಚ್ಚಾಗಿ ಇದೇ. ಆ ಬ್ಯಾಕ್ಟೀರಿಯಾ ಎಲ್ಲರ ಹೊಟ್ಟೆಯಲ್ಲೂ ಇರುವುದಿಲ್ಲ. ಅಂದರೆ ನಿಮ್ಮ ಅಪ್ಪಾಜಿಯೂ ನಾನೂ ಒಂದೇ ಹಣ್ಣು ಹಂಚಿಕೊಂಡು ತಿಂದರೂ ರಕ್ತಕ್ಕೆ ಸೇರುವುದು ಬೇರೆ ಬೇರೆ.

ಮನುಷ್ಯರ ಮೇಲೆ ನೋಡಿಲ್ಲವೇ? ನೋಡಿದ್ದಾರೆ. 2004ರಲ್ಲಿ ಅವಿರಾಮ್ ತಂಡವೇ ಕುತ್ತಿಗೆಯ ರಕ್ತನಾಳ ಕಿರಿದಾಗಿದ್ದ 10 ರೋಗಿಗಳಿಗೆ ಒಂದು ವರ್ಷ ರಸ ಕೊಟ್ಟು, ಗೋಡೆಯ ದಪ್ಪ ಕಡಿಮೆಯಾಯಿತು ಅಂದಿತು. ವಾಟ್ಸಾಪ್‌ಗೆ ಇಷ್ಟು ಸಾಕು. 2009ರಲ್ಲಿ ಅಮೆರಿಕದಲ್ಲಿ 289 ಜನರನ್ನು ಸೇರಿಸಿಕೊಂಡು, ದಿನಕ್ಕೆ 240 ಮಿಲಿಲೀಟರಿನಂತೆ 18 ತಿಂಗಳವರೆಗೆ ಕೊಟ್ಟು ನೋಡಿದರು. ಒಟ್ಟಾರೆ ನೋಡಿದರೆ ರಸ ಕುಡಿದವರಿಗೂ ಕುಡಿಯದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ನನಗೆ ಎರಡನೆಯದೇ ಹೆಚ್ಚು ತೂಕದ್ದು. ಹೃದ್ರೋಗಕ್ಕೆ ಮದ್ದು ಅನ್ನುವಂತೆ ದಾಳಿಂಬೆ ರಸ ಮಾರಿದ ಪಾಮ್ ವಂಡರ್‌ಫುಲ್ ಕಂಪನಿಯ ಮೇಲೆ ಅಲ್ಲಿನ ಸರಕಾರಿ ವ್ಯಾಪಾರ ಆಯೋಗ 2010ರಲ್ಲಿ ಕ್ರಮ ಕೈಗೊಂಡಿತು. ಜಾಹೀರಾತು ದಾರಿ ತಪ್ಪಿಸುವಂಥದ್ದು ಎಂಬ ಆಯೋಗದ ತೀರ್ಮಾನವನ್ನು 2015ರಲ್ಲಿ ಕೋರ್ಟೂ ಎತ್ತಿಹಿಡಿಯಿತು.

ಇನ್ನೊಂದು ಮಾತು. ಪ್ಯೂನಿಕಲಾಜಿನ್ ಜಾಸ್ತಿ ಇರುವುದು ಸಿಪ್ಪೆಯಲ್ಲಿ. ಕಾರ್ಖಾನೆಯಲ್ಲಿ ಇಡೀ ಹಣ್ಣು ಹಿಂಡುವಾಗ ಸಿಪ್ಪೆಯದೂ ರಸಕ್ಕೆ ಇಳಿಯುತ್ತದೆ. ನಮ್ಮ ಹುಬ್ಬಳ್ಳಿ ಅಂಗಡಿಗಳಲ್ಲಿ ಕಾಳು ಬಿಡಿಸಿ ಮಿಕ್ಸಿಗೆ ಹಾಕಿ, ಮೇಲೆ ಎರಡು ಚಮಚ ಸಕ್ಕರೆ, ಬರ್ಫ್ ಹಾಕಿ ಸೋಸಿ ಕೊಡುತ್ತಾರೆ. ರುಚಿಗೆ ಏನೂ ಕಮ್ಮಿ ಇಲ್ಲ, ಆದರೆ ಆ ಪ್ರಯೋಗದ ರಸ ಇದಲ್ಲ. (ಹಾಗಂತ ಮನೆಯಲ್ಲಿ ಸಿಪ್ಪೆ ಕುದಿಸಿ ಕುಡಿಸಲು ಹೋಗಬೇಡಿ.) ಸಕ್ಕರೆ ಹಾಕದಿದ್ದರೂ 240 ಮಿಲಿಲೀಟರ್ ರಸದಲ್ಲಿ ಹಣ್ಣಿನದೇ ಸಕ್ಕರೆ ಸುಮಾರು 30 ಗ್ರಾಂ ಇರುತ್ತದೆ. ಅಪ್ಪಾಜಿಗೆ ಶುಗರ್ ಇದ್ದರೆ ಇದು ಸಣ್ಣ ವಿಷಯವಲ್ಲ.

ಹಣ್ಣು ಕೊಡಿ, ಕಾಳನ್ನೇ ಅಗಿದು ತಿನ್ನಲಿ, ನಾರೂ ಸಿಗುತ್ತದೆ. ಸೀಜನ್‌ನಲ್ಲಿ ನೇರಳೆ, ಪೇರಲವೂ ಇರಲಿ. ಗುಳಿಗೆ ಮಾತ್ರ ಡಾಕ್ಟರ್ ಹೇಳದೆ ಬಿಡಿಸಬೇಡಿ: ಸ್ಟಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಗುಳಿಗೆ) ಹೃದಯಾಘಾತ ಕಡಿಮೆ ಮಾಡುತ್ತದೆ ಅನ್ನುವುದು ಸಾವಿರಾರು ಜನರ ಮೇಲೆ ನೋಡಿ ಖಚಿತವಾದದ್ದು. ಚೀಟಿಯಲ್ಲಿ ಅಟೋರ್ವಾಸ್ಟಾಟಿನ್ ಅಥವಾ ಸಿಮ್ವಾಸ್ಟಾಟಿನ್ ಅಂತಿದ್ದರೆ ಗ್ರೇಪ್‌ಫ್ರೂಟ್ ಬೇಡ, ರಕ್ತದಲ್ಲಿ ಗುಳಿಗೆಯ ಮಟ್ಟ ಏರುತ್ತದೆ. ಚಕ್ಕೋತವೂ ಅದೇ ಬಳಗದ್ದು, ದಿನಾ ತಿನ್ನುವ ರೂಢಿ ಇದ್ದರೆ ಡಾಕ್ಟರಿಗೆ ಹೇಳಿ.