‘ಕೂತ್ಕೊಂಡು’ ಎಂಬ ಒಂದು ಪದ

ಮೇಷ್ಟ್ರೇ, ನಮಸ್ಕಾರ.

ತಿಪಟೂರಿನಿಂದ ನೀವು ಬರೆದ ನಾಲ್ಕು ಪುಟದ ಕಾಗದ ಕೈಸೇರಿತು. ಅಂಚಿನಲ್ಲೂ ಅಡ್ಡಡ್ಡ ಬರೆದಿದ್ದೀರಿ. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ, ಉಳಿದ ಓದುಗರಿಗಾಗಿ ಸಾರ ಹೇಳಿಬಿಡುತ್ತೇನೆ. ಕಳೆದ ಸಂಚಿಕೆಯಲ್ಲಿ ತುಮಕೂರಿನ ಪುಸ್ತಕದಂಗಡಿಯ ಯಜಮಾನರೊಬ್ಬರ ಬಗ್ಗೆ ಲೇಖನ ಹಾಕಿದ್ದೆವು. ‘ಓದಲು ಪುರುಸೊತ್ತಿಲ್ಲದ ಪುಸ್ತಕ ವ್ಯಾಪಾರಿ’ ಅಂತ ತಲೆಬರಹ. ಅದು ನಿಮ್ಮನ್ನು ಕೆರಳಿಸಿದೆ. “ರುಚಿ ನೋಡದ ಭಟ್ಟನ ಕೈಯೂಟ ಯಾರಿಗೆ ಬೇಕು? ಕಾದಂಬರಿಕಾರ ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ಸುತ್ತಿ ಮಾರಿದರು. ಅವರಿಗೆ ಸಾಲುಸಾಲೂ ಗೊತ್ತಿತ್ತು. ಇವರಿಗೆ ಗೊತ್ತಿರುವುದು ಬೆಲೆ ಮಾತ್ರ” ಎಂದಿದ್ದೀರಿ. ಇಂಥವರಿಗೆ ಮೂರು ಪುಟ ಕೊಟ್ಟಿದ್ದಕ್ಕೆ ನನಗೂ ಎರಡು ಮಾತು ಬಿದ್ದಿದೆ.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಆ ತಲೆಬರಹ ಕೊಟ್ಟಿದ್ದು ನಾನು. ನಿಮ್ಮ ಕಾಗದ ಬಂದ ಮೇಲೆ ವರದಿಗಾರ ಹುಡುಗನ ಟಿಪ್ಪಣಿ ಪುಸ್ತಕ ತರಿಸಿ ನೋಡಿದೆ. ಯಜಮಾನರು ಹೇಳಿದ್ದು ಹೀಗಿದೆ: “ಕೂತ್ಕೊಂಡು ಓದೋಕೆ ಪುರುಸೊತ್ತಿಲ್ಲ ಸಾರ್.” ತಲೆಬರಹ ಒಂದು ಸಾಲಿಗೆ ಹೊಂದಲಿ ಅಂತ ‘ಕೂತ್ಕೊಂಡು’ ಎಂಬ ಪದವನ್ನು ಕತ್ತರಿಸಿದವನು ನಾನೇ. ಇಪ್ಪತ್ತು ವರ್ಷದಿಂದ ಬೇರೆಯವರ ವಾಕ್ಯ ತಿದ್ದುತ್ತಾ ಬಂದವನಿಗೆ ಇದು ಮರ್ಯಾದೆಯ ವಿಷಯವಲ್ಲ. ಹಾಗಾಗಿ ಹೋದ ವಾರ ನಾನೇ ಹೋಗಿ ಬೆಳಗ್ಗೆಯಿಂದ ರಾತ್ರಿವರೆಗೂ ಅವರ ಅಂಗಡಿಯಲ್ಲಿ ಇದ್ದೆ. ಅವರ ಹೆಸರು, ಅಂಗಡಿಯ ಹೆಸರು ಈ ಸಲ ಬೇಡವೆಂದರು. ಸರಿಯೇ, ಒಂದು ಸಲ ಸುಟ್ಟುಕೊಂಡಿದ್ದಾರೆ.

ಬೆಳಗ್ಗೆ ಒಂಬತ್ತಕ್ಕೆ ಷಟರ್ ಎತ್ತುತ್ತಾರೆ. ಅಷ್ಟರಲ್ಲಿ ಬಸ್ ಸ್ಟ್ಯಾಂಡಿನಿಂದ ಬೆಂಗಳೂರಿನ ಬಂಡಲ್ ತಂದಾಗಿರುತ್ತದೆ. ಎಪ್ಪತ್ತು ಕಿಲೋಮೀಟರ್ ದೂರದಿಂದ ಬಂದ ಬಂಡಲ್ಲಿಗೆ ಬಸ್ಸಿನ ಬಾಡಿಗೆ, ಅಲ್ಲಿಂದ ಅಂಗಡಿಗೆ ಆಟೋ ಬಾಡಿಗೆ. ಆಟೋದ್ದೇ ಜಾಸ್ತಿ ಎಂದು ಗೊಣಗುತ್ತಲೇ ಕಟ್ಟು ಬಿಚ್ಚಿದರು. ನಾನು ಸುಮ್ನೆ ನೋಡುತ್ತಾ ನಿಂತೆ. ಎಡಗೈಯಲ್ಲಿ ಪುಸ್ತಕದ ಬೆನ್ನು ಹಿಡಿದು, ಬಲಗೈ ಹೆಬ್ಬೆರಳಿನಿಂದ ಪುಟಗಳನ್ನು ಜರ್ರನೆ ಬಿಡುತ್ತಾರೆ. ಕಣ್ಣು ಮಾತ್ರ ಕೆಳಗಿನ ಪುಟಸಂಖ್ಯೆಯ ಮೇಲೆ. ಬಿಲ್ಲಿಗೆ ಟಿಕ್ ಹಾಕಿ ಮುಂದಿನದು. ಹನ್ನೊಂದನೆಯದೋ ಹನ್ನೆರಡನೆಯದೋ ಇರಬೇಕು, ಕೈ ನಿಂತಿತು. ಹಿಂದಕ್ಕೆ ಮಗುಚಿ ನನಗೆ ತೋರಿಸಿದರು. 64ನೇ ಪುಟ ಮುಗಿದ ಮೇಲೆ 81. ಮಧ್ಯದ ಒಂದು ಫಾರಂ, ಅಂದರೆ 16 ಪುಟ, ಬೈಂಡಿಂಗಿನಲ್ಲೇ ಬಿಟ್ಟುಹೋಗಿದೆ. ಆ ವೇಗದಲ್ಲಿ ನನ್ನ ಕಣ್ಣಿಗೆ ಒಂದು ಅಂಕಿಯೂ ಕಂಡಿರಲಿಲ್ಲ. ಪ್ರೂಫ್ ನೋಡುವವನು ನಾನು!

“ಇದನ್ನ ಓದು ಅಂತೀರಾ ಸಾರ್?” ಎಂದು ನಕ್ಕರು. ನಾನು ಓದು ಅಂತಲೇ ಎಂದೆ.

ಹತ್ತೂವರೆ ಆದರೆ ಗಿರಾಕಿಗಳು ಶುರು. ಪಾವಗಡದ ಕಡೆಯ ಇಬ್ಬರು ಹುಡುಗರು ಪಿಡಿಒ ಪರೀಕ್ಷೆಗೆ ಯಾವ ಪುಸ್ತಕ ಎಂದು ಕೇಳಿದರು. ಐದು ಪುಸ್ತಕ ಮುಂದಿಟ್ಟು, “ಇವೆರಡು ಒಂದೇ, ರಟ್ಟು ಮಾತ್ರ ಬೇರೆ. ಇದ್ರಲ್ಲಿ ಪಂಚಾಯತ್‌ರಾಜ್ ಭಾಗ ಹಳೇದು. ಇದೊಂದು ತಗೊಳ್ಳಿ, ಸಾಕು” ಎಂದರು. 900 ರೂಪಾಯಿ ವ್ಯಾಪಾರವಾಗುವ ಕಡೆ 320ಕ್ಕೆ ಮುಗಿಸಿದರು. ಆಮೇಲೆ ಒಬ್ಬ ಅಜ್ಜಿ. ದೊಡ್ಡಕ್ಷರದ ಲಲಿತಾ ಸಹಸ್ರನಾಮ ಬೇಕಂತೆ. ಕೊಟ್ಟಿದ್ದನ್ನು ಬಾಗಿಲ ಬೆಳಕಿಗೆ ಹಿಡಿದು, “ಇನ್ನೂ ದೊಡ್ಡದು ಇಲ್ವೇನಪ್ಪಾ?” ಎಂದರು. ಒಳಗಿನಿಂದ ಇನ್ನೊಂದು ಬಂತು. ಅದೂ ಸಾಲದು. ಕೊನೆಗೆ “ಅಜ್ಜಿ, ಇದಕ್ಕಿಂತ ದೊಡ್ಡಕ್ಷರ ಅಂದ್ರೆ ಗೋಡೆ ಮೇಲೆ ಬರೆಸ್ಬೇಕು. ಕನ್ನಡಕ ಬದ್ಲಾಯ್ಸಿ ಎಷ್ಟು ವರ್ಷ ಆಯ್ತು?” ಎಂದು ಕೇಳಿದರು. ಅಜ್ಜಿ ಪುಸ್ತಕ ಕೊಳ್ಳದೆ, ಕನ್ನಡಕದಂಗಡಿ ಎಲ್ಲಿ ಎಂದು ವಿಚಾರಿಸಿಕೊಂಡು ಹೋದರು.

ದಿನಾ ರೈಲಿನಲ್ಲಿ ಬೆಂಗಳೂರಿಗೆ ಓಡಾಡುವ ಒಬ್ಬರು ಬಂದರು. ಅವರ ಬೇಡಿಕೆ ನನಗೆ ಬಲು ಇಷ್ಟವಾಯಿತು. “ಯಶವಂತಪುರ ಬರೋದ್ರೊಳಗೆ ಒಂದು ಕತೆ ಮುಗೀಬೇಕು.” ಯಜಮಾನರು ಕಪಾಟಿನತ್ತ ತಿರುಗದೆಯೇ ಕೈ ಹಿಂದೆ ಚಾಚಿ ಒಂದು ಕಥಾಸಂಕಲನ ಎಳೆದರು. “ಮೂರನೇದು ಉದ್ದ ಇದೆ, ಅದನ್ನ ಭಾನುವಾರಕ್ಕೆ ಇಟ್ಕೊಳ್ಳಿ.” ಹೇಳಿ ಮೇಷ್ಟ್ರೇ, ಓದದವನಿಗೆ ಮೂರನೆಯ ಕತೆ ಉದ್ದ ಎಂದು ಹೇಗೆ ಗೊತ್ತು?

ಜೂನ್ ತಿಂಗಳಲ್ಲಿ ಹೀಗೆ ಮಾತಾಡಲೂ ಆಗುವುದಿಲ್ಲವಂತೆ. ನೋಟ್‌ಬುಕ್ಕು, ಗೈಡು, ಲೇಬಲ್ಲು, ಖಾಕಿ ರಟ್ಟಿನ ಸುರುಳಿ. ಇನ್ನು ಜಾತ್ರೆಯ ಕಾಲಕ್ಕೆ, ಸಿದ್ಧಗಂಗೆಗೆ ಎತ್ತು ನೋಡಲು ಬಂದವರು ಹಾಗೇ ಪೇಟೆಗೆ ಬಂದು, “ಹೊಸ ಪಂಚಾಂಗ ಬಂತಾ?” ಎನ್ನುತ್ತಾರೆ. ಅಂಗಡಿ ನಡೆಯುವುದೇ ಇವುಗಳಿಂದ. ಕಾದಂಬರಿ, ಕವನ ಎಲ್ಲ ಇದರ ಬೆನ್ನ ಮೇಲೆ ಕೂತು ಬರುತ್ತವೆ.

ಲೆಕ್ಕವನ್ನೂ ಕೇಳಿದೆ. ಸಂಕೋಚವಿಲ್ಲದೆ ಹೇಳಿದರು. 200 ರೂಪಾಯಿಯ ಕಾದಂಬರಿಗೆ ಅವರಿಗೆ ಸಿಗುವ ಕಮಿಷನ್ ನೂರಕ್ಕೆ 30, ಅಂದರೆ 60 ರೂಪಾಯಿ. ಗಿರಾಕಿ ಕೇಳಿಯೇ ಕೇಳುತ್ತಾನೆ, ನೂರಕ್ಕೆ 10 ಬಿಡಬೇಕು. ಉಳಿದದ್ದು 40. ಅದರಲ್ಲಿ ಬಾಡಿಗೆ, ಕರೆಂಟು, ಹುಡುಗನ ಸಂಬಳ, ಆ ಆಟೋ. ಒಬ್ಬ ಪ್ರಕಾಶಕರು ಮಾರಾಟವಾಗದ ಪ್ರತಿ ವಾಪಸ್ ತಗೊಳ್ಳುತ್ತೇವೆ ಎಂದು ಕೊಟ್ಟು, ಈಗ ಫೋನೇ ಎತ್ತುತ್ತಿಲ್ಲವಂತೆ. ಯಾರು ಎಂದು ಬರೆಯುವುದಿಲ್ಲ. ನಮ್ಮ ಪತ್ರಿಕೆಗೂ ಅವರೇ ಜಾಹೀರಾತಿನ ಬಾಕಿ ಇಟ್ಟಿದ್ದಾರೆ ಎಂದಷ್ಟೇ ಹೇಳಿ ನನ್ನ ಹೊಟ್ಟೆಯುರಿಯನ್ನೂ ತೀರಿಸಿಕೊಳ್ಳುತ್ತೇನೆ.

ಈಗ ಅವರ ಓದು. ಗಲ್ಲಾದ ಪಕ್ಕ ಒಂದು ಎತ್ತರದ ಹಲಗೆ ಇದೆ. ಅದರ ಮೇಲೆ ನ್ಯೂಸ್‌ಪೇಪರ್ ರಟ್ಟು ಹಾಕಿದ ಒಂದು ಪುಸ್ತಕ ಸದಾ ಇರುತ್ತದೆ. ಗಿರಾಕಿ ಯೋಚಿಸುತ್ತಾ ನಿಂತಾಗ, ಫೋನ್‌ಪೇ ಸದ್ದಿಗೆ ಕಾಯುವಾಗ, ಎರಡು ಸಾಲು, ಅರ್ಧ ಪುಟ. ಪುಸ್ತಕವನ್ನು ಅವರು ಅಗಲಕ್ಕೆ ಬಿಡಿಸುವುದೇ ಇಲ್ಲ. ಬಾಗಿಲ ಸಂದಿಯಿಂದ ಇಣುಕಿದ ಹಾಗೆ, ನಾಲ್ಕು ಬೆರಳಷ್ಟು ತೆರೆದು ಓದುತ್ತಾರೆ. ಯಾಕೆಂದರೆ ಓದಿದ ಮೇಲೆ ಅದನ್ನೇ ಮಾರಬೇಕು! ಬೆನ್ನು ಮುರಿಯಬಾರದು, ಮೂಲೆ ಮಡಿಸಬಾರದು, ಗೀಟು ಎಳೆಯುವ ಮಾತೇ ಇಲ್ಲ. ಇಷ್ಟವಾದ ಸಾಲು ಸಿಕ್ಕರೆ ಹಳೆಯ ಬಿಲ್ಲಿನ ಹಿಂದೆ ಪುಟಸಂಖ್ಯೆ ಮಾತ್ರ ಬರೆದಿಡುತ್ತಾರೆ. ಗಲ್ಲಾದ ಕೆಳಗಿನ ಡ್ರಾಯರಿನಲ್ಲಿ ಅಂಥ ಚೀಟಿಗಳ ರಾಶಿಯೇ ಇದೆ. ಪುಸ್ತಕಗಳು ಮಾರಿಹೋಗಿವೆ, ಚೀಟಿಗಳು ಉಳಿದಿವೆ. ಒಂದನ್ನು ಎತ್ತಿ ನೋಡಿದೆ: “38, 112 ಕೆಳಗೆ, 140 ಬಾವಿ.” ಯಾವ ಪುಸ್ತಕದ್ದೋ ಅವರಿಗೂ ನೆನಪಿಲ್ಲ. ಬಾವಿ ಮಾತ್ರ ನೆನಪಿದೆಯಂತೆ.

ಹೊಸ ಪುಸ್ತಕ ಬಂದರೆ ಮೊದಲು ನೋಡುವುದು ಮುದ್ರಣದ ವಿವರ ಇರುವ ಪುಟವನ್ನು. ಎಷ್ಟನೇ ಮುದ್ರಣ, ಎಷ್ಟು ಪ್ರತಿ, ಯಾವ ವರ್ಷ. ಮುನ್ನುಡಿ ಓದುವುದಿಲ್ಲ. ಬೆನ್ನುಡಿಯನ್ನು ನಂಬುವುದಿಲ್ಲ. ನಡುವಿನ ಯಾವುದೋ ಪುಟ ತೆರೆದು ಎರಡು ಪುಟ ಓದುತ್ತಾರೆ. ಹಿಡಿದರೆ ಹಲಗೆಗೆ, ಇಲ್ಲದಿದ್ದರೆ ಕಪಾಟಿಗೆ. ಮುನ್ನುಡಿ ಬರೆಯುವ ಗೆಳೆಯರು ನನಗೆ ಬಹಳ ಮಂದಿ, ಅವರು ಈ ಸಾಲು ಓದದಿರಲಿ.

ಗಳಗನಾಥರ ಮಾತಿಗೆ ಬರುತ್ತೇನೆ. ನೀವು ಹೇಳಿದ್ದು ನಿಜ. ಅಗಡಿಯ ‘ಸದ್ಬೋಧ ಚಂದ್ರಿಕೆ’ ಪತ್ರಿಕೆಯಲ್ಲಿ ದುಡಿದ ಅವರು ನಮ್ಮ ಪತ್ರಿಕೆಯವರ ಕುಲಕ್ಕೂ ಹಿರಿಯರು. ಆದರೆ ಅವರ ಗಂಟಿನಲ್ಲಿ ಇದ್ದದ್ದು ಅವರೇ ಬರೆದ ಪುಸ್ತಕ. ಸಾಲುಸಾಲೂ ಗೊತ್ತಿರದೆ ಏನು? ಇವರ ಅಂಗಡಿಯಲ್ಲಿರುವುದು ಬೇರೆಯವರು ಬರೆದ ನಾಲ್ಕು ಸಾವಿರ ಪುಸ್ತಕ. ಹೋಲಿಕೆ ನ್ಯಾಯವಾಗಲಿಲ್ಲ ಎನ್ನಿಸುತ್ತದೆ, ಅಲ್ವಾ? ಆದರೂ ನಿಮ್ಮ ಮಾತಿನಲ್ಲಿ ಒಂದಂಶ ನಾನು ತಳ್ಳಿಹಾಕಲಾರೆ. ಹಲಗೆಯ ಮೇಲೆ ಬಿದ್ದ ಪುಸ್ತಕಗಳಲ್ಲಿ ಮುಕ್ಕಾಲು ಪಾಲು ಅರ್ಧಕ್ಕೇ ಮಾರಿಹೋಗುತ್ತವೆ. ಎಷ್ಟೋ ಕಾದಂಬರಿಗಳ ಕೊನೆ ಅವರಿಗೆ ಗೊತ್ತಿಲ್ಲ. ಗಿರಾಕಿ ಮತ್ತೆ ಬಂದಾಗ, “ಕೊನೆಗೆ ಏನಾಯ್ತು?” ಎಂದು ಅವರೇ ಕೇಳುತ್ತಾರೆ. ಅದು ಕೊರತೆಯೇ. ಅವರೂ ಕೊರತೆ ಎಂದೇ ಹೇಳಿದರು.

ಪೂರ್ತಿ ಓದುವುದು ಮನೆಯಲ್ಲಿ, ರಾತ್ರಿ, ಮಲಗಿಕೊಂಡು. ಮನೆಯಲ್ಲಿ ಒಂದು ಬೀರು ತುಂಬ ಅವರದೇ ಪುಸ್ತಕಗಳಿವೆ. ಹೋಗಿ ನೋಡಿದೆ. ಒಂದೂ ಸರಿಯಿಲ್ಲ! ಒಂದರ ರಟ್ಟು ತಲೆಕೆಳಗು. ಇನ್ನೊಂದರಲ್ಲಿ ಒಂದೇ ಫಾರಂ ಎರಡು ಸಲ. ಮತ್ತೊಂದನ್ನು ಗೆದ್ದಲು ಅರ್ಧ ಓದಿದೆ. ಇಂಥ ಪ್ರತಿಗಳನ್ನು ವಾಪಸ್ ಕಳಿಸುವ ಖರ್ಚೇ ಜಾಸ್ತಿ, ಗಿರಾಕಿಗೆ ಕೊಡುವ ಹಾಗಿಲ್ಲ. ಹಾಗಾಗಿ ಅವು ಯಜಮಾನರ ಪಾಲು. ಗೀಟು ಎಳೆಯುವುದಿದ್ದರೆ ಅವುಗಳಲ್ಲೇ, ಅದೂ ಕೆಂಪು ಪೆನ್ನಿನಲ್ಲಿ.

ಅದರಲ್ಲೊಂದು ಹಳೆಯ ಕಾದಂಬರಿ. 97ರಿಂದ 112ರವರೆಗೆ ಪುಟಗಳಿಲ್ಲ. 96ನೇ ಪುಟದಲ್ಲಿ ಅಣ್ಣ ತಮ್ಮ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದಾರೆ. 113ಕ್ಕೆ ಬಂದರೆ ಮಾತೇ ಬಿಟ್ಟಿದ್ದಾರೆ. ಮಧ್ಯೆ ಏನಾಯಿತು? ಪುಸ್ತಕ ಮತ್ತೆ ಅಚ್ಚಾಗಿಲ್ಲ. ಓದಿದ್ದ ಒಬ್ಬ ಗಿರಾಕಿಯನ್ನು ಕೇಳಿದರೆ, ಜಮೀನಿನ ಪತ್ರಕ್ಕೆ ಅಣ್ಣ ಸುಳ್ಳು ಸಹಿ ಹಾಕಿದ ಎಂದರಂತೆ. ಇನ್ನೊಬ್ಬ ಹೆಂಗಸು, “ಛೆ, ಪತ್ರಾನೂ ಇಲ್ಲ ಏನೂ ಇಲ್ಲ, ತಾಯಿ ಸತ್ತಾಗ ತಮ್ಮ ಬರಲಿಲ್ಲ, ಅದಕ್ಕೆ” ಎಂದರಂತೆ. ಹನ್ನೆರಡು ವರ್ಷದಿಂದ ಯಜಮಾನರು ಯಾರ ಮಾತು ನಂಬುವುದೋ ತಿಳಿಯದೆ ಇದ್ದಾರೆ.

ನಿಮ್ಮ ಕಾಗದದ ಕೊನೆಯಲ್ಲಿ ಇನ್ನೊಂದು ವಿಷಯವಿತ್ತು. ಮೊದಲು ಅಂಚೆಯಲ್ಲಿ ಅಗ್ಗಕ್ಕೆ ಪುಸ್ತಕ ತರಿಸುತ್ತಿದ್ದಿರಿ, ಈಗ ಕೊರಿಯರ್ ದುಬಾರಿ ಎಂದು. 2024ರ ಡಿಸೆಂಬರಿನಲ್ಲಿ ಬುಕ್ ಪೋಸ್ಟ್ ನಿಂತಾಗ ಇವರಿಗೂ ಪೆಟ್ಟು ಬಿತ್ತು. ಆದರೆ 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಅಂತ ಶುರುವಾಗಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ತೆರಿಗೆ ಬೇರೆ. ಅಂಚೆ ಕಚೇರಿಯಲ್ಲಿ ಹೆಸರು ಹೇಳಿ ಕೇಳಿ. ಜಾಹೀರಾತು ಇರುವ ಪತ್ರಿಕೆಗಳಿಗೆ ಈ ದರ ಇಲ್ಲ, ಅದು ನಮ್ಮ ಕರ್ಮ.

ಆದರೂ ಒಂದು ಸಲ ನೀವೇ ಬಂದುಹೋಗಿ ಎನ್ನುತ್ತೇನೆ. ವಿಳಾಸವನ್ನು ಬೇರೆ ಕಾಗದದಲ್ಲಿ ಕಳಿಸಿದ್ದೇನೆ. ಸಂಜೆ ಏಳರ ಮೇಲೆ ಹೋಗಿ, ಜನ ಕಡಿಮೆ. ಮನೆಯಲ್ಲಿ ಆರುನೂರು ಪುಸ್ತಕ ಇವೆ ಎಂದು ಬರೆದಿದ್ದೀರಿ. ಆ ಕಾದಂಬರಿ ಯಾವುದು ಎಂದು ಅವರನ್ನೇ ಕೇಳಿ. ನಿಮ್ಮಲ್ಲಿ ಇದ್ದರೆ, ಮುಂದಿನ ಸಲ ಹೋಗುವಾಗ ತಗೊಂಡು ಹೋಗಿ. ಹದಿನಾರೇ ಪುಟ, ನಿಂತುಕೊಂಡೇ ಓದುತ್ತಾರೆ.

– ಸಂಪಾದಕ