ಅಪ್ಪ ಕೇಳಿದ್ದಕ್ಕೆ ಮೊದಲು ಉತ್ತರ ಕೊಡು

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಮೂರು ಸಲ ಓದಿದೆ. ಬರೆದವಳು ಹಾವೇರಿ ಜಿಲ್ಲೆಯ 19 ವರ್ಷದ ಹುಡುಗಿ. ಹೆಸರು ಹಾಕಬೇಡಿ ಅಂದಿದ್ದಾಳೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಪಿಯುಸಿ ಮುಗಿಸಿ, ಪ್ರವೇಶ ಪರೀಕ್ಷೆ ಬರೆದು, ಹೊರರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಜರ್ಮನ್ ಬಿಎ ಆನರ್ಸ್‌ಗೆ ಸೇರಿದ್ದಾಳೆ. ಈಗ ಮೂರನೇ ಸೆಮಿಸ್ಟರ್. ಅಂಕ ಕಡಿಮೆ ಬರ್ತಿದೆ. ಸಾಹಿತ್ಯದ ತರಗತಿಯಲ್ಲಿ ಏನೂ ತಲೆಗೆ ಹತ್ತುತ್ತಿಲ್ಲ. ಬೆಂಗಳೂರಿನಲ್ಲಿರುವ ಭಾವ, ‘ಅದನ್ನು ಬಿಡು, ಬಿಸಿಎ ಸೇರು, ಫೀಸು ನಾನು ಕಟ್ತೀನಿ. ಜರ್ಮನ್ ಬೇಕಿದ್ದರೆ ಬಿ2 ಸರ್ಟಿಫಿಕೇಟ್ ಮಾಡಿಕೋ. ಕಥೆ ಕವನ ಓದೋದಕ್ಕೆ ವರ್ಷಗಟ್ಟಲೆ ಯಾಕೆ?’ ಅಂದಿದ್ದಾರಂತೆ. ಬಿಡಲೋ, ಮುಂದುವರಿಸಲೋ ಅನ್ನುವುದು ಅವಳ ಪ್ರಶ್ನೆ.

ಮೂರು ಪುಟದ ಪತ್ರದಲ್ಲಿ ಭಾವನ ಮಾತಿಗೆ ಒಂದೂವರೆ ಪುಟ. ಅಪ್ಪನಿಗೆ ಎರಡೇ ಸಾಲು. ‘ಅಪ್ಪನಿಗೆ ಹಿಟ್ಟಿನ ಗಿರಣಿ ಇದೆ. ರಾತ್ರಿ ಫೋನ್ ಮಾಡಿದಾಗೆಲ್ಲ ಇವತ್ತು ಏನು ಕಲಿತೆ ಅಂತ ಕೇಳ್ತಾರೆ, ಅವರಿಗೆ ಹೇಗೆ ಹೇಳೋದು ಅಂತ ಏನೋ ಹೇಳಿ ತಪ್ಪಿಸಿಕೊಳ್ತೀನಿ.’

ತಂಗಿ, ನಿನ್ನ ಕಷ್ಟ ಇರುವುದು ಈ ಎರಡು ಸಾಲಿನಲ್ಲಿ. ಬಿಸಿಎಯಲ್ಲಿ ಅಲ್ಲ.

ಅಪ್ಪನಿಗೆ ಯಾಕೆ ಹೇಳಲು ಆಗುತ್ತಿಲ್ಲ? ಅವರಿಗೆ ಅರ್ಥವಾಗುವುದಿಲ್ಲ ಅಂತ ನೀನು ಅಂದುಕೊಂಡಿದ್ದೀಯ. ನನಗೆ ಹಾಗೆ ಅನಿಸುವುದಿಲ್ಲ. ನೀನೇ ಬರೆದಿದ್ದೀಯಲ್ಲ, ನೋಟ್‌ಬುಕ್ಕಿನಲ್ಲಿ ಜರ್ಮನ್ ಪದದ ಎದುರು ಇಂಗ್ಲಿಷ್ ಅರ್ಥ ಬರೆದುಕೊಳ್ತೀನಿ ಅಂತ. ಇಂಗ್ಲಿಷೇ ನನಗೆ ಕಷ್ಟ ಅಂತಲೂ ಬರೆದಿದ್ದೀಯ. ಅಂದರೆ ಗೊತ್ತಿಲ್ಲದ ಊರಿಗೆ ಗೊತ್ತಿಲ್ಲದ ದಾರಿಯಲ್ಲಿ ಹೋಗ್ತಿದ್ದೀಯ. ಮನೆ ಬಾಗಿಲಿನಿಂದಲೇ ಒಂದು ದಾರಿ ಇದೆ. ಅದನ್ನು ನೀನು ನೋಡಿಯೇ ಇಲ್ಲ.

ಇದು ನನಗೆ ಯಾಕೆ ತಟ್ಟಿತು ಅಂತ ಹೇಳ್ತೀನಿ. ನಾನೂ ವರ್ಷಗಳ ಹಿಂದೆ ಸಂಜೆ ತರಗತಿಯಲ್ಲಿ ಜರ್ಮನ್ ಕಲಿತವಳು. ‘ನನಗೆ ಚಳಿ’ ಅನ್ನಲು ಇಂಗ್ಲಿಷನ್ನು ನೆನೆದು ‘ಇಶ್ ಬಿನ್ ಕಾಲ್ಟ್’ ಅನ್ನುತ್ತಿದ್ದೆ. ‘ನಾನು ತಣ್ಣಗಿನ ಮನಸ್ಸಿನವಳು, ಕರುಣೆ ಇಲ್ಲದವಳು’ ಅಂದ ಹಾಗೆ ಆಗುತ್ತದೆ ಅದು. ಜರ್ಮನ್ನರು ಹೇಳುವುದು ‘ಮಿರ್ ಇಸ್ಟ್ ಕಾಲ್ಟ್’. ಮಿರ್ ಅಂದರೆ ನನಗೆ. ನನಗೆ ಚಳಿ. ಕನ್ನಡದಲ್ಲಿ ನಾವು ಹುಟ್ಟಿದಾಗಿನಿಂದ ಹೇಳುವ ಮಾತು! ನಡುವೆ ಇಂಗ್ಲಿಷನ್ನು ಕೂರಿಸಿದ್ದರಿಂದ ಅದು ನನಗೆ ಕಾಣಲಿಲ್ಲ. ‘ಡಾಟಿವ್’ ಅನ್ನುವ ಪಾಠ ಬಂದಾಗ ಎಲ್ಲರೂ ತಲೆ ಚಚ್ಚಿಕೊಳ್ಳುತ್ತಾರೆ. ನಿನಗೆ ಅದರ ಭಯ ಬೇಡ. ಉ, ಅನ್ನು, ಇಂದ, ಗೆ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೀಯಲ್ಲ, ಆ ‘ಗೆ’ಯೇ ಸುಮಾರಾಗಿ ಇದು.

ಇನ್ನೂ ಇದೆ. ಇಂಗ್ಲಿಷಿನಲ್ಲಿ ನೀನು, ನೀವು ಎರಡಕ್ಕೂ ಒಂದೇ ಪದ. ಜರ್ಮನ್‌ನಲ್ಲಿ ‘ಡು’ ಬೇರೆ, ‘ಝೀ’ ಬೇರೆ. ನಾನು ನಿನಗೆ ನೀನು ಅನ್ನುತ್ತೇನೆ, ನಿನ್ನ ಭಾವನಿಗೆ ನೀವು ಅನ್ನುತ್ತೇನೆ. ಇದನ್ನು ನಿನಗೆ ಯಾರೂ ಕಲಿಸಬೇಕಾಗಿಲ್ಲ. ಕೈಗವಸಿಗೆ ‘ಹಾಂಟ್‌ಶೂ’ ಅನ್ನುತ್ತಾರೆ, ಅಂದರೆ ಕೈಯ ಶೂ. ನಮ್ಮ ಸಮಾಸದ ಹಾಗೆಯೇ ಪದಕ್ಕೆ ಪದ ಸೇರಿಸಿ ಕಟ್ಟಿದ್ದು. ಹುಡುಗಿ ಅನ್ನುವ ಪದ ಅಲ್ಲಿ ನಪುಂಸಕ ಲಿಂಗ ಅಂತ ನಿನ್ನ ಗೆಳತಿಯರು ನಕ್ಕರಂತೆ. ನಮ್ಮ ಹಳ್ಳಿಗಳಲ್ಲಿ ‘ಹುಡುಗಿ ಬಂತು’ ಅನ್ನಲ್ವಾ? ಮೇಜು ಗಂಡು, ದೀಪ ಹೆಣ್ಣು ಅನ್ನುವುದಕ್ಕೆಲ್ಲ ಮಾತ್ರ ಕನ್ನಡ ಸಹಾಯಕ್ಕೆ ಬರುವುದಿಲ್ಲ. ಅದನ್ನು ಬಾಯಿಪಾಠವೇ ಮಾಡಬೇಕು.

ಈಗ ಸಾಹಿತ್ಯಕ್ಕೆ ಬರೋಣ. ಕಾಫ್ಕಾನ ‘ಮೆಟಮಾರ್ಫಸಿಸ್’ ಅರ್ಥ ಆಗ್ಲಿಲ್ಲ, ಇಂಗ್ಲಿಷ್ ಅನುವಾದ ಓದಿಕೊಂಡು ಪರೀಕ್ಷೆ ಬರೆದೆ ಅಂದಿದ್ದೀಯ. ಕಾಫ್ಕಾ ಜರ್ಮನ್‌ನಲ್ಲಿ ಬರೆದ ಲೇಖಕ, ಅದು ಒಬ್ಬ ಬೆಳಗ್ಗೆ ಎದ್ದಾಗ ಹುಳುವಾಗಿಬಿಟ್ಟಿರುವ ಕಥೆ. 1915ರಲ್ಲಿ ಅಚ್ಚಾದ ಆ ಕಥೆಯ ಮೊದಲ ವಾಕ್ಯವನ್ನು ಮತ್ತೆ ತೆಗೆದು ನೋಡು. ಜರ್ಮನ್‌ನಲ್ಲಿ ಅದರ ಕಟ್ಟಕಡೆಯ ಪದ ‘ಫೆರ್‌ವಾಂಡೆಲ್ಟ್’, ಬದಲಾದ ಅಂತ. ಬೆಳಗ್ಗೆ, ಕೆಟ್ಟ ಕನಸು, ಎಚ್ಚರ, ಹಾಸಿಗೆ, ಹುಳು ಎಲ್ಲ ಬಂದ ಮೇಲೆ ಆ ಪದ ಬೀಳುತ್ತದೆ. ಇಂಗ್ಲಿಷಿನಲ್ಲಿ ಅದು ಸಾಮಾನ್ಯವಾಗಿ ನಡುವೆಯೇ ಬಂದುಬಿಡುತ್ತದೆ. ಕನ್ನಡದಲ್ಲಿ? ‘ನೋಡಿದರೆ ಹಾಸಿಗೆಯಲ್ಲೇ ಭಾರೀ ಹುಳುವಾಗಿ ಬದಲಾಗಿಬಿಟ್ಟಿದ್ದ.’ ಕೊನೆಗೇ ಬಂತು, ನೋಡು.

ಆ ಹುಳು ಯಾವುದು ಅನ್ನುವುದೇ ಒಂದು ದೊಡ್ಡ ಚರ್ಚೆ. ಕಾಫ್ಕಾ ಬಳಸಿದ ಪದ ‘ಉನ್‌ಗೆತ್ಸೀಫರ್’. ಅದು ಯಾವುದೇ ಒಂದು ಕೀಟದ ಹೆಸರಲ್ಲ. ಪುಸ್ತಕದ ಮುಖಪುಟದಲ್ಲಿ ಹುಳುವಿನ ಚಿತ್ರ ಬರೆಯಲೇಬಾರದು ಅಂತ ಅವನು ಪ್ರಕಾಶಕರಿಗೆ ಪತ್ರ ಬರೆದಿದ್ದ. ಇಂಗ್ಲಿಷ್ ಅನುವಾದಕರು ಒಬ್ಬೊಬ್ಬರು ಒಂದೊಂದು ಪದ ಹಾಕಿದ್ದಾರೆ. ನಿಮ್ಮ ಮನೆಯಲ್ಲಿ ದಿನಾ ಕೇಳುವ ಒಂದು ಮಾತು ಇದಕ್ಕೆ ಎಷ್ಟು ಹತ್ತಿರ ಬರುತ್ತದೆ, ಯೋಚಿಸು. ಹುಳಹುಪ್ಪಟೆ! ಹಿಟ್ಟಿನ ಗಿರಣಿ ಇಟ್ಟವರಿಗೆ ಆ ಪದದ ಅಸಹ್ಯ ಎಷ್ಟು ಚೆನ್ನಾಗಿ ಗೊತ್ತಿರುತ್ತದೆ! ನಿನ್ನ ಅಪ್ಪನಿಗೆ ಈ ಕಥೆ ಅರ್ಥವಾಗುವುದಿಲ್ಲ ಅಂತ ಯಾರು ಹೇಳಿದರು?

ನಿನ್ನ ಭಾವನ ಬಗ್ಗೆ ಎರಡು ಮಾತು. ಅವರ ಮೇಲೆ ನನಗೆ ಸಿಟ್ಟಿದೆ. ಬಿಸಿಎ ಕೆಟ್ಟದ್ದು ಅಂತಲ್ಲ. ನಿನಗೆ ಅದರ ಆಸೆ ಇದೆ ಅಂತ ಪತ್ರದಲ್ಲಿ ಎಲ್ಲೂ ಇಲ್ಲ, ಅದಕ್ಕೆ. ಫೀಸು ಕಟ್ತೀನಿ ಅಂದವರ ಸಲಹೆಯನ್ನು ಎರಡು ಸಲ ಯೋಚಿಸಿ ತಗೊಳ್ಳಿ ಅಂತ ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಇನ್ನೂ ಬರೆಯುತ್ತೇನೆ. ದುಡ್ಡಿನ ಭಾರಕ್ಕೆ ನಮ್ಮ ‘ಬೇಡ’ ಅನ್ನುವ ಮಾತು ಬಾಯಲ್ಲೇ ಉಳಿದುಬಿಡುತ್ತದೆ. ಬಿ2 ಅನ್ನುವುದು ಭಾಷೆ ಎಷ್ಟು ಬರುತ್ತದೆ ಅಂತ ಅಳೆಯುವ, ಎ1ರಿಂದ ಸಿ2ವರೆಗಿನ ಆರು ಮೆಟ್ಟಿಲಲ್ಲಿ ನಾಲ್ಕನೆಯದು. ಒಳ್ಳೆಯದೇ, ಅದನ್ನೂ ಬರಿ. ಆದರೆ ಒಂದು ಜನ ಹೇಗೆ ಯೋಚಿಸುತ್ತಾರೆ ಅಂತ ಕಲಿಸುವುದು ಆ ಕಥೆ ಕವನಗಳೇ. ಮುಂದೆ ಅನುವಾದ ಮಾಡುವವರಿಗೆ, ಪಾಠ ಹೇಳುವವರಿಗೆ, ಬೆಂಗಳೂರಿನ ಜರ್ಮನ್ ಕಂಪನಿಗಳಲ್ಲಿ ಅಲ್ಲಿಯವರ ಜೊತೆ ದಿನಾ ಮಾತಾಡುವವರಿಗೆ ಬೇಕಾಗುವುದೂ ಅದೇ.

‘ಜರ್ಮನಿಯಲ್ಲಿ ಓದು ಫ್ರೀ’ ಅಂತಲೂ ಅವರು ಹೇಳಿದ್ದಾರೆ. ಪೂರ್ತಿ ಹೇಳಿಲ್ಲ. ಅಲ್ಲಿನ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ, ನಿಜ. ಆದರೆ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಇದೆ. ವೀಸಾಕ್ಕೆ ಒಂದು ವರ್ಷದ ಖರ್ಚು ಅಂತ 11,904 ಯೂರೋ ಬ್ಯಾಂಕಿನಲ್ಲಿ ತೋರಿಸಬೇಕು, 2024ರ ಸೆಪ್ಟೆಂಬರ್‌ನಿಂದ ಈ ಲೆಕ್ಕ. ವಿದ್ಯಾರ್ಥಿವೇತನ ಸಿಕ್ಕರೆ ಬೇರೆ ಮಾತು. ಎಂಎ ಹೊತ್ತಿಗೆ ಇದನ್ನು ನೋಡೋಣ, ಈಗಲೇ ಅಪ್ಪನನ್ನು ಹೆದರಿಸಬೇಡ.

ಜರ್ಮನ್‌ಗೂ ನಮಗೂ ಏನು ಸಂಬಂಧ ಅಂತ ಭಾವ ಕೇಳಿದರಂತೆ. 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದವರು ಹರ್ಮನ್ ಮೋಗ್ಲಿಂಗ್, ಜರ್ಮನ್. ನಮ್ಮ ದೊಡ್ಡ ನಿಘಂಟು ಮಾಡಿದ ಫರ್ಡಿನಾಂಡ್ ಕಿಟೆಲ್ ಜರ್ಮನ್. ನಿಮ್ಮ ಪಕ್ಕದ ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. 1894ರಲ್ಲಿ ಅಚ್ಚಾದ ಆ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ನನ್ನನ್ನು ಯಾವಾಗಲೂ ಕಾಡುವ ಸಂಗತಿ ಏನೆಂದರೆ, ಅದರಲ್ಲಿ ಕನ್ನಡ ಪದಕ್ಕೆ ಅರ್ಥ ಕೊಟ್ಟಿರುವುದು ಇಂಗ್ಲಿಷಿನಲ್ಲಿ. ಅವರ ತಾಯ್ನುಡಿಯಲ್ಲಿ ಅಲ್ಲ. ಆಗಿನ ಆಳ್ವಿಕೆಗೆ ಇಂಗ್ಲಿಷ್ ಬೇಕಿತ್ತು. ನಿನ್ನ ನೋಟ್‌ಬುಕ್ಕಿಗೆ ಆ ಕಟ್ಟಳೆ ಇಲ್ಲ.

ಹಾಗಾಗಿ ನನ್ನ ಮಾತು ಒಂದೇ. ಈ ಸೆಮಿಸ್ಟರ್ ಮುಗಿಯುವವರೆಗೆ ಪ್ರತಿ ರಾತ್ರಿ ಅಪ್ಪನಿಗೆ ಅವತ್ತಿನ ಪಾಠದ ಒಂದು ಸಂಗತಿಯನ್ನು ಕನ್ನಡದಲ್ಲಿ ಹೇಳು. ನಡುವೆ ಇಂಗ್ಲಿಷ್ ಬೇಡ. ಹೇಳಲು ಆಗದಿದ್ದರೆ ಆ ಪಾಠ ನಿನಗೆ ಬಂದಿಲ್ಲ ಅಂತ ಅರ್ಥ. ಮರುದಿನ ಮೇಷ್ಟರನ್ನು ಕೇಳು. ಅಲ್ಲಿಯವರೆಗೆ ಬಿಸಿಎ ಅರ್ಜಿ ತುಂಬಬೇಡ. ಭಾವನಿಗೆ ಏನೂ ಉತ್ತರ ಕೊಡಬೇಡ.

ಇವತ್ತು ಗಿರಣಿ ಮುಚ್ಚುವ ಹೊತ್ತಿಗೆ ಫೋನ್ ಮಾಡು. ‘ಅಪ್ಪಾ, ನನಗೆ ಚಳಿ’ ಅನ್ನುವುದರಿಂದಲೇ ಶುರು ಮಾಡು. ಅವರು ಗಾಬರಿಯಿಂದ ಸ್ವೆಟರ್ ಹಾಕ್ಕೊಂಡಿಲ್ವಾ ಅಂತ ಕೇಳುತ್ತಾರೆ. ಹಾಕಿಕೊಂಡಿದ್ದೀನಿ, ಇದು ಇವತ್ತಿನ ಪಾಠ ಅಂತ ಹೇಳು.