ತಳ್ಳಿದ ಸೇತುವೆ ಯಾಕೆ ಬೀಳಲಿಲ್ಲ?

ನಿಮ್ಮ ಪತ್ರ ಓದಿ ಖುಷಿಯಾಯಿತು. ಫ್ರಾನ್ಸ್‌ನ ಮಿಯೊ ಸೇತುವೆಯ ಬಗ್ಗೆ ನಾವು ಬರೆದದ್ದನ್ನು ಓದಿ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಕಂಬಗಳೆಲ್ಲ ಕಾಂಕ್ರೀಟ್ ಆಗಿರುವಾಗ ರಸ್ತೆ ಹೊರುವ ಡೆಕ್ ಮಾತ್ರ ಯಾಕೆ ಉಕ್ಕಿನದು? ಅದನ್ನು ದಡದಿಂದ ತಳ್ಳುವಾಗ ಮುಂದೆ ಚಾಚಿದ ತುದಿ ಬಗ್ಗಿ ಬೀಳುವುದಿಲ್ವಾ?

ಎರಡನೆಯದನ್ನೇ ಮೊದಲು ನೋಡೋಣ. ಅಲ್ಲಿ ರಸ್ತೆ ಟಾರ್ನ್ ನದಿಯಿಂದ ಸುಮಾರು 270 ಮೀಟರ್ ಎತ್ತರದಲ್ಲಿದೆ. ಕೆಳಗಿನಿಂದ ಅಟ್ಟಣಿಗೆ ಕಟ್ಟುತ್ತಾ ಹೋಗುವುದು ಆಗದ ಮಾತು. ಅದಕ್ಕೇ ಡೆಕ್ಕನ್ನು ಎರಡೂ ದಡಗಳ ಗಟ್ಟಿ ನೆಲದ ಮೇಲೆ ಬೆಸುಗೆ ಹಾಕಿ ಜೋಡಿಸಿ, ಕಣಿವೆಯ ಮೇಲೆ ಮುಂದಕ್ಕೆ ಬಿಟ್ಟರು. ದಕ್ಷಿಣದಿಂದ 1,743 ಮೀಟರ್, ಉತ್ತರದಿಂದ 717 ಮೀಟರ್.

ಹಾಗಂತ ಹಿಂದೆ ನಿಂತು ನೂಕಲಿಲ್ಲ. ನೂಕಿದ್ದರೆ ಡೆಕ್ ಜಾರುತ್ತಾ ಕಂಬದ ತಲೆಯನ್ನೂ ಎಳೆಯುತ್ತಿತ್ತು. 245 ಮೀಟರ್ ಎತ್ತರದ ಕಂಬಕ್ಕೆ ಅಂಥ ಎಳೆತ ಸಣ್ಣದಲ್ಲ. ಅದಕ್ಕಾಗಿ ಪ್ರತಿ ಕಂಬದ ತಲೆಯ ಮೇಲೂ ಭಾರ ಎತ್ತುವ ಜ್ಯಾಕ್ ಕೂರಿಸಿದರು. ಅದರ ಕೆಳಗಿನ ಬೆಣೆ ಸರಿದು ಡೆಕ್ಕನ್ನು ಕೊಂಚ ಎತ್ತುತ್ತದೆ. ಮೇಲಿನ ತುಂಡು ಅದನ್ನು ಹೊತ್ತು 60 ಸೆಂಟಿಮೀಟರ್ ಮುಂದೆ ಹೋಗುತ್ತದೆ. ಬೆಣೆ ಹಿಂದೆ ಸರಿದಾಗ ಡೆಕ್ ಕೆಳಗೆ ಕೂರುತ್ತದೆ, ಮೇಲಿನ ತುಂಡು ಬರಿಗೈಲಿ ವಾಪಸ್ಸು. ಇಂಥ ಒಂದು ಸುತ್ತು ಮುಗಿಯಲು ಸುಮಾರು 4 ನಿಮಿಷ. ಎಲ್ಲ ಜ್ಯಾಕ್‌ಗಳೂ ಒಟ್ಟಿಗೆ ಕೆಲಸ ಮಾಡುವಂತೆ ಕಂಪ್ಯೂಟರ್ ನೋಡಿಕೊಳ್ಳುತ್ತಿತ್ತು. ಎಷ್ಟು ತಾಳ್ಮೆಯ ಕೆಲಸ ನೋಡಿ!

ಇನ್ನು ಆ ತುದಿಯ ವಿಷಯ. ಕಂಬಗಳ ನಡುವೆ 342 ಮೀಟರ್ ಅಂತರ. ಅದನ್ನು ಅರ್ಧ ಮಾಡಲು ಮಧ್ಯೆ ತಾತ್ಕಾಲಿಕ ಉಕ್ಕಿನ ಗೋಪುರಗಳನ್ನು ನಿಲ್ಲಿಸಿದರು. ಎರಡು ಕಂಬಗಳ ನಡುವಿನ ಭಾಗಕ್ಕೆ ಅಂಕಣ ಅನ್ನುತ್ತಾರೆ; ನದಿಯ ಮೇಲಿನ ಅಂಕಣವೊಂದಕ್ಕೆ ಮಾತ್ರ ಗೋಪುರವಿಲ್ಲ. ಎರಡೂ ಕಡೆಯ ಡೆಕ್‌ಗಳು 2004ರ ಮೇ 28ರಂದು ಕೂಡಿಕೊಂಡದ್ದು ಅಲ್ಲೇ. ಮುಂದಿನ ತುದಿ ಜೋತು ಬೀಳದಂತೆ ಅದರ ಮೇಲೆ ಮೊದಲೇ ಸ್ತಂಭ ನಿಲ್ಲಿಸಿ ಕೇಬಲ್‌ಗಳಿಂದ ಹಿಡಿದಿದ್ದರು.

ಉಕ್ಕು ಯಾಕೆ ಅನ್ನುವುದು ಈಗ ತಿಳಿಯುತ್ತದೆ. ತಳ್ಳುವಾಗ ಡೆಕ್ಕಿನ ಒಂದೇ ಜಾಗ ಈಗ ಅಂಕಣದ ಮಧ್ಯದಲ್ಲಿದ್ದರೆ, ಆಮೇಲೆ ಕಂಬದ ಮೇಲೆ. ಮಧ್ಯದಲ್ಲಿದ್ದಾಗ ಅದರ ತಳ ಹಿಗ್ಗುತ್ತದೆ, ಕಂಬದ ಮೇಲೆ ಬಂದಾಗ ಮೇಲ್ಭಾಗ ಹಿಗ್ಗುತ್ತದೆ. ಎಳೆತವನ್ನೂ ಒತ್ತಡವನ್ನೂ ಉಕ್ಕು ತಡೆಯುತ್ತದೆ. ಕಾಂಕ್ರೀಟ್ ಎಳೆತಕ್ಕೆ ಬಿರುಕು ಬಿಡುತ್ತದೆ, ತೂಕವೂ ಬಹಳ ಜಾಸ್ತಿ. ಕಾಂಕ್ರೀಟ್ ಸೇತುವೆಯನ್ನೂ ಹೀಗೆ ತಳ್ಳುವುದುಂಟು, ಆದರೆ ಇಷ್ಟುದ್ದದ ಅಂಕಣಕ್ಕೆ ಅದು ಒಗ್ಗುವುದಿಲ್ಲ. ಉಕ್ಕಿನ ಡೆಕ್ಕೇ ಸುಮಾರು 36,000 ಟನ್ ಇದೆ.

ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. 1970ರ ಜೂನ್‌ನಲ್ಲಿ ವೇಲ್ಸ್‌ನ ಕ್ಲೆಡ್ಡೌ ಸೇತುವೆಯ ಉಕ್ಕಿನ ಪೆಟ್ಟಿಗೆ ತೊಲೆ (ಪೆಟ್ಟಿಗೆಯಂತೆ ಒಳಗೆ ಟೊಳ್ಳಾದ ತೊಲೆ) ಕಟ್ಟುತ್ತಿರುವಾಗಲೇ ಕುಸಿದು 4 ಜನ ಸತ್ತರು. ಕಂಬದ ಮೇಲೆ ತೊಲೆಯೊಳಗೆ ಅಡ್ಡ ಇಟ್ಟಿದ್ದ ಉಕ್ಕಿನ ಹಲಗೆ ಭಾರ ತಾಳದೆ ಮಡಚಿಕೊಂಡಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಮೆಲ್ಬರ್ನ್‌ನ ವೆಸ್ಟ್ ಗೇಟ್ ಸೇತುವೆ ಬಿದ್ದು 35 ಕೆಲಸಗಾರರು ತೀರಿಕೊಂಡರು. ಇವು ಮೇಲೆ ವಾಹನ ಓಡುವ ಮೊದಲೇ ಬಿದ್ದವು. ಬ್ರಿಟನ್‌ನಲ್ಲಿ ತನಿಖೆ ನಡೆಸಿದ ಮೆರಿಸನ್ ಸಮಿತಿ ಇಂಥ ತೊಲೆಗಳಿಗೆ ಬಿಗಿಯಾದ ನಿಯಮ ಮಾಡಿದ್ದು ಆಮೇಲೆಯೇ.